ಚಿನ್ನದ ಮೇಲಿನ ಅಕ್ಷರ

ಕನ್ನಡ ನುಡಿ ಚಿನ್ನದ ಕೆಲಸದಿಂದ ಪಡೆದ ಸಾಲ ಸಣ್ಣದಲ್ಲ. ಒಬ್ಬನ ಗುಣವನ್ನು ತಿಳಿಯಬೇಕಾದರೆ ಒರೆಗೆ ಹಚ್ಚಿ ನೋಡುತ್ತೇವೆ. ಕಷ್ಟದಲ್ಲಿ ಬೆಂದು ಬಂದವನನ್ನು ಪುಟಕ್ಕಿಟ್ಟ ಚಿನ್ನವೆನ್ನುತ್ತೇವೆ. ಕಪಟವರಿಯದವನನ್ನು ಅಪರಂಜಿ ಎಂದು ಕರೆಯುತ್ತೇವೆ. ಮನುಷ್ಯನ ಸಾಚಾತನವನ್ನು ಹೇಳಲು ಲೋಹಪರೀಕ್ಷೆಯ ಮಾತುಗಳನ್ನು ಎರವಲು ತಂದ ನಾವು, ಆ ಲೋಹವನ್ನೇ ಕೊಳ್ಳುವ ಹೊತ್ತಿಗೆ ಮಾತ್ರ ಪರೀಕ್ಷೆಯನ್ನು ಮರೆತು ಮನುಷ್ಯನ ಮುಖವನ್ನು ನೋಡುತ್ತ ಬಂದಿದ್ದೇವೆ. ‘ನಮ್ಮ ಮನೆಯ ಅಕ್ಕಸಾಲಿ, ಮೂರು ತಲೆಮಾರಿನ ಪರಿಚಯ’ ಎಂಬ ನಂಬಿಕೆಯೇ ಬಹುಕಾಲ ನಮ್ಮ ಒರೆಗಲ್ಲಾಗಿತ್ತು. ಆ ನಂಬಿಕೆಯ ಜಾಗದಲ್ಲಿ ಈಗ ಕಣ್ಣಿಗೆ ಕಾಣಿಸದಷ್ಟು ಸಣ್ಣದಾದ ಕೆಲವು ಅಕ್ಷರಗಳು ಬಂದು ಕುಳಿತಿವೆ. ಅವು ಏನು ಹೇಳುತ್ತವೆ, ಏನು ಹೇಳುವುದಿಲ್ಲ ಎಂಬುದನ್ನು ತಮ್ಮೊಡನೆ ವಿಚಾರಮಾಡುವುದು ಈ ಭಾಷಣದ ಉದ್ದೇಶ.

ನಾನು ವಾಸಿಸುವ ಹೊಸಹಳ್ಳಿ ಹೆಸರಿಗೆ ಹಳ್ಳಿ. ಊರು ಬೆಳೆದು ವಿಜಯನಗರದೊಳಗೆ ಕರಗಿಹೋಗಿ, ಇಂದು ಮೆಟ್ರೊ ನಿಲ್ದಾಣವೊಂದರ ಹೆಸರಿನಲ್ಲಿ ನಿಂತಿದೆ. ಇಲ್ಲಿಯ ಬೀದಿಗಳಲ್ಲಿ ಆಭರಣದ ಅಂಗಡಿಗಳೂ ಇವೆ, ಗಿರವಿ ಅಂಗಡಿಗಳೂ ಇವೆ. ಮದುವೆಯ ತಿಂಗಳಲ್ಲಿ ಮೊದಲನೆಯದರಿಂದ ಹೊರಬಂದ ಸರವೇ ಶಾಲೆಯ ಶುಲ್ಕ ಕಟ್ಟುವ ತಿಂಗಳಲ್ಲಿ ಎರಡನೆಯದರ ಬಾಗಿಲನ್ನು ಹೊಗುವುದುಂಟು. ನಮ್ಮಂಥ ಮಧ್ಯಮ ವರ್ಗದವರಿಗೆ ಚಿನ್ನ ಅಲಂಕಾರವೂ ಹೌದು, ಆಪದ್ಧನವೂ ಹೌದು. ಅಲಂಕಾರವೆಂದು ಧರಿಸುವಾಗ ಯಾರೂ ಕೇಳದ ಪ್ರಶ್ನೆಯನ್ನು ಆಪದ್ಧನವೆಂದು ಬಿಚ್ಚಿಕೊಟ್ಟಾಗ ಎಲ್ಲರೂ ಕೇಳುತ್ತಾರೆ: ಇದರಲ್ಲಿ ಚಿನ್ನ ಎಷ್ಟಿದೆ?

ಶುದ್ಧ ಚಿನ್ನ ಮೆತ್ತನೆಯ ಲೋಹ. ಅದರಿಂದ ಮಾಡಿದ ಬಳೆ ಬಾಗುತ್ತದೆ, ಉಂಗುರ ಸವೆಯುತ್ತದೆ, ಹರಳನ್ನು ಹಿಡಿದ ಕಟ್ಟು ಸಡಿಲವಾಗುತ್ತದೆ. ಆದಕಾರಣ ತಾಮ್ರವನ್ನೋ ಬೆಳ್ಳಿಯನ್ನೋ ಬೆರಸಿ ಅದನ್ನು ಗಟ್ಟಿಮಾಡಬೇಕು. ತಾಮ್ರ ಹೆಚ್ಚಾದರೆ ಬಣ್ಣ ಕೆಂಪಿಗೆ ತಿರುಗುತ್ತದೆ, ಬೆಳ್ಳಿ ಹೆಚ್ಚಾದರೆ ಬಿಳುಪೇರುತ್ತದೆ. ಹೀಗೆ ಬೆರಕೆ ಎಂಬುದು ತನ್ನಷ್ಟಕ್ಕೆ ಮೋಸವಲ್ಲ, ಕಸುಬಿನ ಅವಶ್ಯಕತೆ. ಬೆರಸಿದ್ದೆಷ್ಟು ಎಂಬುದನ್ನು ಮುಚ್ಚಿಡುವುದು ಮೋಸ.

ಈ ಲೆಕ್ಕಕ್ಕೆ ಲೋಕ ಬೇರೆ ಬೇರೆ ಅಳತೆಗಳನ್ನು ಬಳಸಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶುದ್ಧ ಚಿನ್ನ 16 ವರ್ಣದ್ದು. ಪಶ್ಚಿಮದಿಂದ ಬಂದ ಲೆಕ್ಕದಲ್ಲಿ 24 ಕ್ಯಾರೆಟ್ಟಿನದು. ನಮ್ಮವರು ಗುಲಗಂಜಿಯನ್ನು ತಕ್ಕಡಿಗೆ ಹಾಕಿದಂತೆ ಮೆಡಿಟರೇನಿಯನ್ ತೀರದವರು ಕ್ಯಾರಬ್ ಎಂಬ ಮರದ ಬೀಜವನ್ನು ಹಾಕುತ್ತಿದ್ದರು. ಕ್ಯಾರೆಟ್ ಎಂಬ ಮಾತು ಹುಟ್ಟಿದ್ದು ಆ ಬೀಜದ ಗ್ರೀಕ್ ಹೆಸರಿನಿಂದ. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನ ಚಿನ್ನದ ನಾಣ್ಯ ಅಂಥ 24 ಬೀಜಗಳ ತೂಕದ್ದಾಗಿತ್ತು. ಇಪ್ಪತ್ತನಾಲ್ಕರಲ್ಲಿ ಇಪ್ಪತ್ತೆರಡು ಪಾಲು ಚಿನ್ನ, ಉಳಿದೆರಡು ಪಾಲು ಬೇರೆ ಲೋಹ ಎಂದರೆ 22 ಕ್ಯಾರೆಟ್. ಅದನ್ನೇ ಸಾವಿರ ಪಾಲಿನ ಲೆಕ್ಕಕ್ಕೆ ತಂದರೆ 916 ಪಾಲು ಬರುತ್ತದೆ. ಅಂಗಡಿಯ ಹಲಗೆಗಳ ಮೇಲೆ ಮಂತ್ರಾಕ್ಷರದಂತೆ ಮಿಂಚುವ 916ರ ರಹಸ್ಯ ಇಷ್ಟೆ. 18 ಕ್ಯಾರೆಟ್ಟಿಗೆ 750, 20ಕ್ಕೆ 833. ನಮ್ಮ ಮನೆಗಳಲ್ಲಿ ಸವರನ್ ಎಂದು ಹೆಸರಾದ ಇಂಗ್ಲೆಂಡಿನ ನಾಣ್ಯವೂ 22 ಕ್ಯಾರೆಟ್ಟಿನದೇ. ಅದರ ತೂಕ ಎಂಟು ಗ್ರಾಮಿಗೆ ಕೂದಲೆಳೆಯಷ್ಟು ಕಡಮೆ. ಇಂದಿಗೂ ಒಂದು ಸವರನ್ ಎಂದರೆ ಎಂಟು ಗ್ರಾಂ ಎಂದೆಣಿಸುವ ವಾಡಿಕೆಯ ಬೇರು ಅಲ್ಲಿದೆ.

ಚಿನ್ನದ ಮೇಲೆ ಗುರುತು ಹಾಕುವ ಪದ್ಧತಿ ನಮಗೆ ಹೊಸದಲ್ಲ. ಆದರೆ ನಾವು ಗುರುತು ಹಾಕಿದ್ದು ನಾಣ್ಯಕ್ಕೆ. ಇಂದಿನ ಲಕ್ಕುಂಡಿ, ಅಂದಿನ ಲೊಕ್ಕಿಗುಂಡಿಯಲ್ಲಿ ಟಂಕಸಾಲೆಯಿತ್ತು. ಅಲ್ಲಿಯ ಲೊಕ್ಕಿ ಗದ್ಯಾಣ ಶಾಸನಗಳಲ್ಲಿ ಹೆಸರಾಗಿದೆ. ದಾನ ಕೊಟ್ಟವನು ಇಂತಿಷ್ಟು ಗದ್ಯಾಣವೆಂದು ಬರೆಸಿ ಸುಮ್ಮನಾಗದೆ ಇಂಥ ಊರಿನ ಗದ್ಯಾಣವೆಂದು ಬರೆಸಿದನೆಂದರೆ, ಆ ಊರಿನ ಮುದ್ರೆಗೆ ಬೆಲೆಯಿತ್ತೆಂದೇ ಅರ್ಥ. ಆಭರಣಕ್ಕೆ ಅಂಥ ಮುದ್ರೆ ನಮ್ಮಲ್ಲಿ ಬರಲಿಲ್ಲ. ಇಂಗ್ಲೆಂಡಿನಲ್ಲಿ 1300ರಷ್ಟು ಹಿಂದೆಯೇ, ಪರೀಕ್ಷೆಯಾದ ಬೆಳ್ಳಿಗೆ ಚಿರತೆಯ ತಲೆಯ ಮುದ್ರೆ ಒತ್ತಬೇಕೆಂದು ಕಾನೂನಾಯಿತು. 1478ರಲ್ಲಿ ಲಂಡನ್ನಿನ ಅಕ್ಕಸಾಲಿಗರ ಸಂಘ ತನ್ನ ಹಾಲಿನಲ್ಲಿ, ಅಂದರೆ ಸಭಾಭವನದಲ್ಲಿ, ಸಂಬಳದ ಪರೀಕ್ಷಕನನ್ನು ನೇಮಿಸಿತು. ಒಡವೆ ಆ ಹಾಲಿಗೆ ಹೋಗಿ ಮುದ್ರೆ ಹೊತ್ತು ಬರಬೇಕು. ಹಾಲ್‌ಮಾರ್ಕ್ ಎಂಬ ಹೆಸರು ಹುಟ್ಟಿದ್ದು ಹಾಗೆ. ಇದರಲ್ಲಿ ಗಮನಿಸಬೇಕಾದ ತತ್ತ್ವ ಒಂದೇ: ಮಾಡುವವನೊಬ್ಬ, ಪರೀಕ್ಷಿಸುವವನು ಇನ್ನೊಬ್ಬ.

ನಮ್ಮಲ್ಲಿ ಈ ತತ್ತ್ವ ಬರುವುದಕ್ಕೆ ಮೊದಲು ಬಂದದ್ದು ನಿಷೇಧ. 1962ರ ಚೀನಾ ಯುದ್ಧದ ಬೆನ್ನಲ್ಲೆ, 1963ರ ಜನವರಿಯಲ್ಲಿ, ಚಿನ್ನದ ನಿಯಂತ್ರಣ ಜಾರಿಯಾಯಿತು. ಹೊಸ ಒಡವೆ 14 ಕ್ಯಾರೆಟ್ಟನ್ನು ಮೀರಬಾರದೆಂದು ಸರ್ಕಾರ ವಿಧಿಸಿತು. ಅಂಥ ಮಂಗಳಸೂತ್ರವನ್ನು ಯಾವ ತಾಯಿ ಒಪ್ಪಿಯಾಳು? ಕೊಳ್ಳುವವರು ಹಿಂಜರಿದರು. ಸಾವಿರಾರು ಅಕ್ಕಸಾಲಿಗರ ಕುಲುಮೆ ತಣ್ಣಗಾಯಿತು. ನೊಂದು ಪ್ರಾಣ ಕಳೆದುಕೊಂಡವರೂ ಉಂಟು. 14ರ ಕಟ್ಟು ಮುಂದೆ ಸಡಿಲಿತು. ಆದರೆ 1968ರಲ್ಲಿ ಕಾಯಿದೆಯಾದ ನಿಯಂತ್ರಣ ಪೂರ್ಣವಾಗಿ ರದ್ದಾದದ್ದು 1990ರಲ್ಲಿ. ಕಾನೂನು ಒಪ್ಪದ ಕೆಲಸ ಹಿತ್ತಿಲ ಬಾಗಿಲಲ್ಲಿ ನಡೆದರೆ ಅದಕ್ಕೆ ರಸೀತಿ ಎಲ್ಲಿಂದ ಬರಬೇಕು? ಬಾಯಿಮಾತೇ ಬರಹವಾಯಿತು.

ಬಾಯಿಮಾತಿನ ಫಲವನ್ನು ನಾನು ಹತ್ತಿರದಿಂದ ಕಂಡದ್ದುಂಟು. ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಮಗನ ಓದಿನ ಖರ್ಚಿಗೆಂದು ತಾಯಿಯ ನಲವತ್ತು ಗ್ರಾಮಿನ ಸರವನ್ನು ಮಾರಿದಳು. ನೂರಾರು ಪುಟ್ಟ ಕೊಂಡಿಗಳನ್ನು ಬೆಸೆದು ಮಾಡಿದ ಎರಡೆಳೆಯ ಸರ. ಇಪ್ಪತ್ತೆರಡು ಕ್ಯಾರೆಟ್ಟೆಂದು ಮನೆಯವರೆಲ್ಲ ನಂಬಿದ್ದರು. ಕರಗಿಸಿ ಪರೀಕ್ಷಿಸಿದಾಗ ಸಾವಿರಕ್ಕೆ 880 ಬಂದಿತು. ಒಂದೂವರೆ ಗ್ರಾಮಿಗೆ ಸಮೀಪದಷ್ಟು ಚಿನ್ನ ಇರಬೇಕಾದಲ್ಲಿ ಇರಲಿಲ್ಲ. ನಾನು ರಸಾಯನಶಾಸ್ತ್ರ ಕಲಿಸಿದವನೆಂದು ಆಕೆ ನನ್ನಲ್ಲಿಗೆ ಬಂದಳು. ಹಣದ ಮಾತನ್ನು ಎತ್ತಲಿಲ್ಲ. “ಮೇಷ್ಟ್ರೇ, ನಮ್ಮಮ್ಮನಿಗೆ ಅವರು ಮೋಸ ಮಾಡಿದರೇ?” ಎಂದು ಮಾತ್ರ ಕೇಳಿದಳು.

ಆ ಪ್ರಶ್ನೆಗೆ ಉತ್ತರ ಬೆಸುಗೆಯಲ್ಲಿದೆ. ಎರಡು ಕೊಂಡಿಗಳನ್ನು ಬೆಸೆಯುವ ಲೋಹ ಕೊಂಡಿಗಿಂತ ಮೊದಲು ಕರಗಬೇಕು. ಇಲ್ಲವಾದರೆ ಬೆಸುಗೆ ಕೂಡುವ ಮುನ್ನವೇ ಒಡವೆ ಕರಗೀತು. ಹಾಗೆ ಬೇಗ ಕರಗಲೆಂದು ಹಿಂದಿನವರು ಚಿನ್ನಕ್ಕೆ ತಾಮ್ರ ಬೆಳ್ಳಿಗಳನ್ನು ಹೆಚ್ಚಾಗಿ ಬೆರಸಿ ಬೆಸುಗೆಯನ್ನು ಸಿದ್ಧಮಾಡುತ್ತಿದ್ದರು. ಬೆಸುಗೆ ಹೆಚ್ಚಾದಷ್ಟೂ ಇಡಿಯ ಸರದ ಶುದ್ಧಿ ಇಳಿಯುತ್ತದೆ. ಗಟ್ಟಿ ಬಳೆಯಲ್ಲಿ ಕಡಮೆ ಇಳಿದರೆ ನವುರು ಕೆಲಸದ ಸರದಲ್ಲಿ ಹೆಚ್ಚು ಇಳಿಯುತ್ತದೆ. ತಂದುಕೊಟ್ಟ ಚಿನ್ನ 22 ಕ್ಯಾರೆಟ್ಟೇ ಆಗಿದ್ದು, ಅಕ್ಕಸಾಲಿ ಗುಲಗಂಜಿಯಷ್ಟನ್ನೂ ಮುಟ್ಟದೆ, ಸರ ಮಾತ್ರ 880ಕ್ಕೆ ಇಳಿದಿರಬಹುದು. ಅಥವಾ ಆಕೆಯ ಸಂಶಯವೇ ನಿಜವಿರಬಹುದು. ಸರ ಕರಗಿತ್ತು, ಮಾಡಿದಾತ ತೀರಿಕೊಂಡಿದ್ದ, ಬರೆದಿಟ್ಟದ್ದು ಏನೂ ಇರಲಿಲ್ಲ. ಅಕ್ಕನ ಚಿನ್ನವನ್ನೂ ಅಕ್ಕಸಾಲಿ ಬಿಡ ಎಂಬ ಗಾದೆಯೊಂದೇ ಸಾಕ್ಷಿಗೆ ಉಳಿದಿತ್ತು. ಗಾದೆ ಯಾವ ನ್ಯಾಯಸ್ಥಾನದಲ್ಲೂ ಸಾಕ್ಷಿಯಾಗಲಾರದು. ಇದನ್ನೇ ನಾನು ಆಕೆಗೆ ಹೇಳಿದೆ.

ಬೆಸುಗೆಯ ಈ ತೊಡಕಿಗೆ ಪರಿಹಾರವೆಂದು ಬಂದದ್ದು ಕೆ.ಡಿ.ಎಂ. ಕ್ಯಾಡ್ಮಿಯಂ ಎಂಬ ಲೋಹದ ಹೆಸರಿನಿಂದ ಬಂದ ಸಂಕೇತವದು. 92 ಪಾಲು ಚಿನ್ನಕ್ಕೆ 8 ಪಾಲು ಕ್ಯಾಡ್ಮಿಯಂ ಬೆರಸಿದರೆ ಬೆಸುಗೆ ಸುಲಭವಾಗಿ ಕರಗುತ್ತದೆ, ಒಡವೆಯ ಶುದ್ಧಿಯೂ ಇಳಿಯುವುದಿಲ್ಲ. ಆದರೆ ಕ್ಯಾಡ್ಮಿಯಂ 767 ಡಿಗ್ರಿಯಲ್ಲಿಯೇ ಕುದಿದು ಹೊಗೆಯಾಗುತ್ತದೆ, ಆ ಹೊಗೆ ಊದುಗೊಳವೆಯ ಮುಂದೆ ಕುಳಿತವನ ಶ್ವಾಸಕೋಶ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಕೊಳ್ಳುವವರ ಲಾಭಕ್ಕೆ ಮಾಡುವವನು ಉಸಿರು ತೆತ್ತ ಕಥೆ ಇದು. ಕೆ.ಡಿ.ಎಂ. ಎಂಬುದು ಬೆಸುಗೆಯ ಹೆಸರೇ ಹೊರತು ಶುದ್ಧಿಯ ಮುದ್ರೆಯಲ್ಲ. ಅದನ್ನು ಯಾವ ಪರೀಕ್ಷಾ ಕೇಂದ್ರವೂ ಕೊಟ್ಟದ್ದಲ್ಲ.

ಭಾರತೀಯ ಮಾನಕ ಬ್ಯೂರೋ ಚಿನ್ನದ ಒಡವೆಗಳಿಗೆ ಹಾಲ್‌ಮಾರ್ಕ್ ಯೋಜನೆಯನ್ನು ಆರಂಭಿಸಿದ್ದು 2000ದಲ್ಲಿ. ಇಪ್ಪತ್ತು ವರ್ಷಗಳ ಕಾಲ ಅದು ಇಷ್ಟವಿದ್ದವರ ಪಾಲಿಗಿತ್ತು. 2021ರ ಜೂನ್ 16ರಿಂದ, ಮೊದಲು ದೇಶದ 256 ಜಿಲ್ಲೆಗಳಲ್ಲಿ, ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಈ ವ್ಯವಸ್ಥೆಯಲ್ಲಿ ಮಾರುವ ಒಡವೆಯ ಮೇಲೆ ಮೂರು ಗುರುತುಗಳಿರಬೇಕು. ಮೊದಲನೆಯದು ಬ್ಯೂರೋದ ತ್ರಿಕೋನಾಕಾರದ ಚಿಹ್ನೆ. ಎರಡನೆಯದು ಶುದ್ಧಿಯ ಅಂಕಿ: 22ರ ಪಕ್ಕದಲ್ಲಿ ಕೆ ಎಂಬ ಇಂಗ್ಲಿಷ್ ಅಕ್ಷರ, ಅನಂತರ 916. ಮೂರನೆಯದು ಅಂಕಿ ಅಕ್ಷರಗಳು ಕೂಡಿದ ಆರು ಸ್ಥಾನಗಳ ಒಂದು ಸಂಖ್ಯೆ. ಎಚ್.ಯು.ಐ.ಡಿ. ಎಂದು ಕರೆಯುವ ಆ ಸಂಖ್ಯೆ ಒಂದು ಒಡವೆಗೆ ಒಂದೇ. ಜೋಡಿ ಬಳೆಗಳಿಗೂ ಬೇರೆ ಬೇರೆ. ಬಳೆಯ ಒಳಮೈಯಲ್ಲಿ, ಸರದ ಕೊಂಡಿಯ ಬಳಿಯಲ್ಲಿ ಇವನ್ನು ಹುಡುಕಬೇಕು. ಓದಲು ಭೂತಗನ್ನಡಿ ಬೇಕಾದೀತು, ಅಂಗಡಿಯಲ್ಲಿ ಕೇಳಲು ಸಂಕೋಚಪಡಬೇಕಾಗಿಲ್ಲ.

ಈ ಗುರುತನ್ನು ಒತ್ತುವ ಮುನ್ನ ನಡೆಯುವ ಪರೀಕ್ಷೆ ನಮ್ಮ ಗಾದೆಗಳಷ್ಟೇ ಹಳೆಯದು. ಕ್ಷಕಿರಣಗಳ ಯಂತ್ರ ಒಡವೆಯನ್ನು ಕೆಡಿಸದೆ ಮೇಲ್ಮೈಯ ಪಾಕವನ್ನು ಮೊದಲು ತಿಳಿಸುತ್ತದೆ. ಖಚಿತ ತೀರ್ಪು ಬೆಂಕಿಯದು. ಚಿನ್ನದ ಚೂರನ್ನು ಕರಾರುವಾಕ್ಕಾಗಿ ತೂಗಿ, ಬೆಳ್ಳಿ ಸೇರಿಸಿ, ಸೀಸದ ಹಾಳೆಯಲ್ಲಿ ಸುತ್ತಿ, ರಂಧ್ರಮಯವಾದ ಪುಟ್ಟ ಬಟ್ಟಲಿನಲ್ಲಿಟ್ಟು ಸಾವಿರ ಡಿಗ್ರಿಗೂ ಮೀರಿದ ಕುಲುಮೆಗೆ ನೂಕುತ್ತಾರೆ. ಸೀಸ ತಾಮ್ರಾದಿಗಳನ್ನು ತನ್ನೊಡನೆ ಕರೆದುಕೊಂಡು ಬಟ್ಟಲಿನ ಮೈಯಲ್ಲಿ ಇಂಗಿಹೋಗುತ್ತದೆ. ಉಳಿದ ಗುಂಡನ್ನು ತಟ್ಟಿ ತೆಳುಮಾಡಿ ನೈಟ್ರಿಕ್ ಆಮ್ಲದಲ್ಲಿ ಕುದಿಸಿದರೆ ಬೆಳ್ಳಿ ಕರಗುತ್ತದೆ, ಚಿನ್ನ ಮಾತ್ರ ನಿಲ್ಲುತ್ತದೆ. ಅದನ್ನು ಮತ್ತೆ ತೂಗಿದರೆ ಲೆಕ್ಕ ಮುಗಿಯಿತು. ಪುಟಕ್ಕಿಡುವುದೆಂದರೆ ಇದೇ.

ಕೊಳ್ಳುವವರು ಮಾಡಬೇಕಾದ್ದು ಸ್ವಲ್ಪ. ಬ್ಯೂರೋದ ಬಿ.ಐ.ಎಸ್. ಕೇರ್ ಎಂಬ ಮೊಬೈಲ್ ತಂತ್ರಾಂಶದಲ್ಲಿ ಆ ಆರು ಸ್ಥಾನಗಳ ಸಂಖ್ಯೆಯನ್ನು ಬರೆದರೆ ಒಡವೆಯ ಜಾತಿ, ಶುದ್ಧಿ, ಪರೀಕ್ಷಿಸಿದ ಕೇಂದ್ರ, ಹಾಲ್‌ಮಾರ್ಕ್ ಪಡೆದ ವರ್ತಕ ಇವೆಲ್ಲ ಕಾಣುತ್ತವೆ. ಕೈಯಲ್ಲಿರುವುದು ಉಂಗುರವಾಗಿ ಅಲ್ಲಿ ಬಳೆಯೆಂದಿದ್ದರೆ ಅಲ್ಲಿಗೇ ನಿಲ್ಲಬೇಕು. ರಸೀತಿಯಲ್ಲಿ ನಿವ್ವಳ ತೂಕ, ಶುದ್ಧಿ, ಹಾಲ್‌ಮಾರ್ಕಿನ ಶುಲ್ಕ ಬೇರೆಬೇರೆಯಾಗಿರಬೇಕು. ಮುದ್ರೆಯಿಲ್ಲದ ಹಳೆಯ ಒಡವೆಯನ್ನು ನಾವೇ ಪರೀಕ್ಷಾ ಕೇಂದ್ರಕ್ಕೆ ಒಯ್ಯಬಹುದು. 2022ರಲ್ಲಿ ಪ್ರಕಟವಾದಂತೆ ನಾಲ್ಕು ಒಡವೆಗಳವರೆಗೆ ಇದರ ಶುಲ್ಕ 200 ರೂಪಾಯಿ. ಮುದ್ರೆಗಿಂತ ಶುದ್ಧಿ ಕಡಮೆಯೆಂದು ಕಂಡುಬಂದರೆ, ಕೊರತೆಯಾದ ಮೌಲ್ಯದ ಎರಡರಷ್ಟು ಪರಿಹಾರವನ್ನೂ ಪರೀಕ್ಷೆಯ ವೆಚ್ಚವನ್ನೂ ಕೊಡಬೇಕೆಂದು ಬ್ಯೂರೋದ 2018ರ ನಿಯಮಗಳು ಹೇಳುತ್ತವೆ. ನಮ್ಮ ಬೀದಿಯ ಸರಕ್ಕೆ 916ರ ಮುದ್ರೆಯಿದ್ದಿದ್ದರೆ ಕೊರತೆ ಒಂದೂ ನಾಲ್ಕೂವರೆ ದಶಾಂಶ ಗ್ರಾಮಿನ ಆಸುಪಾಸು. ಪರಿಹಾರ ಅದರ ಬೆಲೆಯ ಎರಡರಷ್ಟಾಗುತ್ತಿತ್ತು.

ಮುದ್ರೆಗೂ ಎಲ್ಲೆಯುಂಟು. ಅದು ಶುದ್ಧಿಯನ್ನು ಹೇಳುತ್ತದೆ, ತೂಕವನ್ನು ಹೇಳುವುದಿಲ್ಲ. ಹರಳಿನ ಬೆಲೆಯನ್ನೂ ಒಳಗೆ ತುಂಬಿದ ಅರಗನ್ನೂ ಮಜೂರಿಯ ನ್ಯಾಯಾನ್ಯಾಯವನ್ನೂ ಅದು ಅರಿಯದು. ಎರಡು ಗ್ರಾಮಿಗಿಂತ ಕಡಮೆ ತೂಕದ ಒಡವೆಗೂ ಕುಂದಣದಂಥ ಕೆಲಸಕ್ಕೂ ಕಡ್ಡಾಯದಿಂದ ವಿನಾಯಿತಿಯನ್ನು ಕೊಟ್ಟಿದ್ದಾರೆ. ಅಜ್ಜಿಯ ಕಾಲದ ಮೂಗುಬೊಟ್ಟನ್ನು ಮುದ್ರೆಯಿಲ್ಲವೆಂದು ಕೀಳುಗಳೆಯಬೇಕಾಗಿಲ್ಲ. ಮುದ್ರೆಯಿಲ್ಲದ್ದೆಲ್ಲ ಕಳಪೆಯಲ್ಲ, ಅದು ಹೇಳಬೇಕಾದ್ದನ್ನು ಇನ್ನೂ ಯಾರೂ ಕೇಳಿಲ್ಲ, ಅಷ್ಟೆ.

ಕಾಗದ ಮುದ್ರೆಗಳು ಬಂದಮೇಲೆ ನಂಬಿಕೆ ಹೋಯಿತೆಂದು ಕೊರಗುವ ಹಿರಿಯರನ್ನು ನಾನು ಬಲ್ಲೆ. ನನಗೆ ಹಾಗೆ ತೋರುವುದಿಲ್ಲ. ನಗರ್ತಪೇಟೆಯ ಇಕ್ಕಟ್ಟಿನ ಮಹಡಿಗಳಲ್ಲಿ ಬೆನ್ನು ಬಾಗಿಸಿ ಕುಳಿತ ಪ್ರಾಮಾಣಿಕ ಕಸುಬುದಾರನಿಗೆ ಗಾದೆಯ ಕಳಂಕದಿಂದ ಬಿಡುಗಡೆ ಬೇಕಿತ್ತು. ತಾಯಿಯ ಸರವನ್ನು ಮಾರುವ ಮಗಳಿಗೆ, ತಾಯಿ ಮೋಸಹೋದಳೋ ಇಲ್ಲವೋ ಎಂಬ ಕೊರಗಿಲ್ಲದೆ ಅದನ್ನು ಮಾರುವ ನೆಮ್ಮದಿ ಬೇಕಿತ್ತು. ಆ ಪುಟ್ಟ ಅಕ್ಷರಗಳು ಇಬ್ಬರಿಗೂ ಸಲ್ಲುತ್ತವೆ. ಓದುವ ತಾಳ್ಮೆ ಮಾತ್ರ ನಮ್ಮದಾಗಬೇಕು.