ನಾಲ್ಕು ಅಂಕ ಬಂದ ಮೇಲೆ

‘ಇತ್ತೀಚೆಗೆ ಎಲ್ಲಾದರೂ ಬಿದ್ದಿದ್ದಿರಾ?’

ಮನೆ ಆರೈಕೆಯಲ್ಲಿರುವ ಹಿರಿಯರನ್ನು ನೋಡಲು ಬಂದ ನರ್ಸ್ ಹೀಗೆ ಕೇಳಿದರೆ, ಬಹಳ ಸಲ ಸಿಗುವ ಉತ್ತರ ‘ಇಲ್ಲಮ್ಮ’. ‘ಮೊನ್ನೆ ಬಚ್ಚಲಲ್ಲಿ ಜಾರಿದ್ರಲ್ಲ ಮಾವ’ ಎಂದು ಸೊಸೆ ಬಾಯಿ ಹಾಕಿದಾಗಲೇ ಸಂಗತಿ ಹೊರಬೀಳುವುದು. ಒಪ್ಪಿಕೊಂಡರೆ ಓಡಾಟವೇ ನಿಂತೀತೆಂಬ ಅಂಜಿಕೆ. ಹಾಗಾಗಿ ಮನೆಯವರನ್ನು ಬೇರೆಯಾಗಿ ವಿಚಾರಿಸುವುದೇ ಒಳ್ಳೆಯದು.

ಬಿದ್ದು ಸಾಯುವವರು ಜಗತ್ತಿನಲ್ಲಿ ವರ್ಷಕ್ಕೆ ಅಂದಾಜು 6,84,000 ಮಂದಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರಲ್ಲಿ ಶೇ 80ಕ್ಕೂ ಹೆಚ್ಚು ಸಾವು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ.

ಬೀಳುವ ಅಪಾಯ ಅಳೆಯಲು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಮೋರ್ಸ್ ಮಾಪಕದಲ್ಲಿ ಡ್ರಿಪ್ ಹಾಕಿದ್ದರೆ 20 ಅಂಕ. ಹೊಸ್ತಿಲಿಗೆ, ಪಾಚಿ ಕಟ್ಟಿದ ಹಿತ್ತಲಿಗೆ ಅಂಕವೇ ಇಲ್ಲ. ಅದು ವಾರ್ಡಿಗೆಂದು ಮಾಡಿದ್ದು. ಮನೆ ಆರೈಕೆಗೆಂದೇ ಅಮೆರಿಕದ ಮಿಸೌರಿ ರಾಜ್ಯದ ಒಕ್ಕೂಟವೊಂದು ರೂಪಿಸಿದ ‘ಎಂಎಎಚ್‌ಸಿ-10’ ಹಾಳೆಯಲ್ಲಿ ಹತ್ತು ಅಂಶಗಳಿವೆ, ಒಂದೊಂದಕ್ಕೂ ಒಂದೇ ಅಂಕ. ನಾಲ್ಕು ಬಂದರೆ ಅಪಾಯ.

ಎಪ್ಪತ್ತು ದಾಟಿದವರೊಬ್ಬರನ್ನು ತೆಗೆದುಕೊಳ್ಳಿ. ವಯಸ್ಸಿಗೆ ಒಂದು, ಶುಗರ್, ಬಿಪಿ, ಮಂಡಿನೋವು ಸೇರಿ ಮೂರು ಕಾಯಿಲೆಗೆ ಒಂದು, ನಾಲ್ಕು ಬಗೆ ಮಾತ್ರೆಗೆ ಒಂದು, ಕಣ್ಣಿನ ಪೊರೆಗೆ ಒಂದು. ನರ್ಸ್ ಕುರ್ಚಿಯಿಂದ ಏಳುವ ಮೊದಲೇ ನಾಲ್ಕು! ಮನೆ ಆರೈಕೆಯಲ್ಲಿರುವ ಬಹುಪಾಲು ಹಿರಿಯರ ಲೆಕ್ಕ ಇಷ್ಟೇ. ಹಾಗಿದ್ದಮೇಲೆ ‘ಅಪಾಯವಿದೆ’ ಎಂದು ಫೈಲಿಗೆ ಬರೆದು ಹೋದರೆ ಬಂದ ಭಾಗ್ಯವೇನು? ಈ ಅಂಕಗಳಲ್ಲಿ ಯಾವುದನ್ನು ಕಳೆಯಬಹುದು ಎಂದು ಹುಡುಕುವುದರಲ್ಲಿದೆ ನಿಜವಾದ ಕೆಲಸ. ವಯಸ್ಸು ಇಳಿಯದು. ಮಾತ್ರೆ, ಕಣ್ಣು, ದೀಪ, ಬಚ್ಚಲು ಇವೆಲ್ಲ ಕೈಗೆ ಸಿಗುವಂಥವು.

ಮೊದಲು ಮಾತ್ರೆ ಡಬ್ಬಿ. ನಿದ್ರೆ ಮಾತ್ರೆ, ಬಿಪಿ ಮಾತ್ರೆ, ಪ್ರಾಸ್ಟೇಟ್‌ಗೆ ಕೊಟ್ಟದ್ದು, ಎಲ್ಲವನ್ನೂ ಒಂದೇ ವೈದ್ಯರ ಕಣ್ಣಿಗೆ ಬೀಳಿಸಬೇಕು. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ರಾತ್ರಿ ನುಂಗುತ್ತಿದ್ದರೆ ಕತ್ತಲಲ್ಲಿ ಎರಡು ಮೂರು ಸಲ ಏಳುವುದು ತಪ್ಪದು. ಅದನ್ನು ಬೆಳಿಗ್ಗೆಗೆ ಬದಲಿಸಬಹುದೇ ಎಂದು ವೈದ್ಯರನ್ನೇ ಕೇಳಿ. ಮಲಗಿದ್ದಾಗೊಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೊಮ್ಮೆ ಬಿಪಿ ನೋಡಬೇಕು. ಮೇಲಿನ ಅಂಕಿ 20ರಷ್ಟೋ ಕೆಳಗಿನದು 10ರಷ್ಟೋ ಇಳಿದರೆ ತಲೆ ಸುತ್ತಿ ಬೀಳಲು ಅದೇ ಸಾಕು.

ಆಮೇಲೆ ನಡಿಗೆ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಎಚ್ಚರಿಕೆ. (ಸಾಮಾನು ತುಂಬಿದ ಬಾಡಿಗೆ ಮನೆಯಲ್ಲಿ ಮೂರು ಮೀಟರ್ ಖಾಲಿ ಜಾಗ ಹುಡುಕುವುದೇ ಒಂದು ಪರೀಕ್ಷೆ.) ಸೆಕೆಂಡಿಗಿಂತ ನನಗೆ ಮುಖ್ಯವೆನಿಸುವುದು ತಿರುಗುವ ಗಳಿಗೆ: ಚಿಕ್ಕಚಿಕ್ಕ ಹೆಜ್ಜೆ ಇಡುತ್ತಾರೆಯೇ, ಕೈ ಗೋಡೆಯತ್ತ ಚಾಚುತ್ತದೆಯೇ?

ಆ ಕೈ ಬಚ್ಚಲಲ್ಲಿ ಏನನ್ನು ಹಿಡಿಯುತ್ತದೆಂದೂ ನೋಡಬೇಕು. ಬಹಳ ಕಡೆ ಅದು ನಲ್ಲಿ, ಇಲ್ಲವೇ ಟವೆಲ್ ಸರಳು. ಎರಡೂ ಮೈಭಾರ ತಡೆಯುವಂಥವಲ್ಲ. ಗೋಡೆಗೆ ಬಿಗಿಯಾಗಿ ಕೂರಿಸಿದ ಹಿಡಿಕೆ ಬೇಕು. ಸವೆದ ಹವಾಯಿ ಚಪ್ಪಲಿ ಬಿಡಿಸಬೇಕು, ಪಂಚೆ ಕಾಲಿಗೆ ತೊಡರದಂತೆ ಮೇಲೆ ಕಟ್ಟಿಸಬೇಕು. ಹೊಸ ಮಾತ್ರೆ ಸೇರಿದರೆ, ಆಸ್ಪತ್ರೆಗೆ ಹೋಗಿಬಂದರೆ ಅಥವಾ ಮತ್ತೊಮ್ಮೆ ಬಿದ್ದರೆ ಹಳೆಯ ಹಾಳೆ ನಡೆಯದು, ಮೊದಲಿನಿಂದ ತುಂಬಬೇಕು.