ನುಡಿಯುವ ಕಲ್ಲು, ಗುಡುಗುವ ಲೋಹ

ಹಂಪಿಯ ಮಾತಂಗ ಪರ್ವತವನ್ನು ನಸುಕಿನಲ್ಲಿ ಹತ್ತುವ ತರುಣರ ಕಿವಿಯಲ್ಲಿ ಸುಪ್ರಭಾತವೇ ಇರಬೇಕೆಂದೇನೂ ಇಲ್ಲ. ಅಲ್ಲಿ ಬ್ಲ್ಯಾಕ್ ಸಬ್ಬತ್ ಇರಬಹುದು, ಐರನ್ ಮೇಡನ್ ಇರಬಹುದು. ಹೆವಿ ಮೆಟಲ್, ಅಂದರೆ ಅಕ್ಷರಶಃ ‘ಭಾರಲೋಹ’, ಎಂಬ ಹೆಸರಿನ ಈ ಪಾಶ್ಚಾತ್ಯ ಸಂಗೀತ ಹಿರಿಯರಿಗೆ ಬರೀ ಗದ್ದಲ. ವಿರೂಪಾಕ್ಷನ ಸನ್ನಿಧಿಯಲ್ಲಿ ಇದೆಂಥ ಅಬ್ಬರ ಎಂದು ಹುಬ್ಬು ಗಂಟಿಕ್ಕುವವರಿದ್ದಾರೆ. ಆದರೆ ಬೆಟ್ಟ ಹತ್ತಿ ಹೋಗಿ, ಎದೆ ನಡುಗಿಸುವಂಥ ಗಟ್ಟಿ ನಾದವನ್ನು ಕೇಳುವ ಪರಿಪಾಠ ಈ ಸೀಮೆಗೆ ಹೊಸತಲ್ಲ. ವಿಜಯನಗರ ಹುಟ್ಟುವುದಕ್ಕೆ ಸಾವಿರಾರು ವರ್ಷ ಮೊದಲೇ ಅದು ಇಲ್ಲಿತ್ತು ಎನ್ನಲು ಸಾಕ್ಷ್ಯವಿದೆ.

ಹೆವಿ ಮೆಟಲ್ ಹುಟ್ಟಿದ್ದು ಕಾರ್ಖಾನೆಗಳ ನೆರಳಿನಲ್ಲಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಬ್ಬಿಣ, ಉಕ್ಕುಗಳ ಊರು. ಅಲ್ಲಿನ ತಗಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಟೋನಿ ಅಯೋಮಿ ಎಂಬ ಹದಿನೇಳರ ಹುಡುಗ, ಕೆಲಸದ ಕೊನೆಯ ದಿನವೇ ಬಲಗೈಯ ಎರಡು ಬೆರಳುಗಳ ತುದಿಯನ್ನು ಯಂತ್ರಕ್ಕೆ ಕೊಟ್ಟ. ಎಡಚನಾದ ಅವನಿಗೆ ಗಿಟಾರಿನ ತಂತಿಗಳನ್ನು ಒತ್ತಲು ಬೇಕಾದದ್ದು ಅವೇ ಬೆರಳುಗಳು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ನೋವು ಕಡಿಮೆಯಾಗಲೆಂದು ತಂತಿಗಳನ್ನು ಸಡಿಲಿಸಿದ. ತಂತಿ ಸಡಿಲವಾದಾಗ ಶ್ರುತಿ ಇಳಿಯಿತು, ನಾದ ಭಾರವಾಯಿತು. ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಮ್ 1970ರ ಫೆಬ್ರುವರಿ 13ರಂದು ಹೊರಬಂತು. ಮಳೆಯ ಸದ್ದು, ಗುಡುಗು, ದೂರದ ಇಗರ್ಜಿಯ ಗಂಟೆ ಇವುಗಳಿಂದ ಅದು ಆರಂಭವಾಗುತ್ತದೆ. ಈ ತಂಡದ ಗಾಯಕ ಆಜಿ ಆಸ್ಬೋರ್ನ್ 2025ರ ಜುಲೈನಲ್ಲಿ ತೀರಿಕೊಂಡಾಗ ನಮ್ಮಲ್ಲಿಯೂ ಮರುಗಿದವರಿದ್ದರು. ಐರನ್ ಮೇಡನ್ 2007ರ ಮಾರ್ಚ್‌ನಲ್ಲಿ, ಮೆಟಾಲಿಕಾ 2011ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ಹೋದದ್ದನ್ನು ಅನೇಕರು ಮರೆತಿರಲಾರರು.

ನಮ್ಮ ಸಂಗೀತದ ಕಿವಿಯಿಂದ ಕೇಳಿದರೆ ಇದರ ಒಳಗುಟ್ಟು ಅಷ್ಟೇನೂ ಪರಕೀಯವಲ್ಲ. ಈ ಗಿಟಾರ್ ವಾದಕರು ಅತಿಯಾಗಿ ಬಳಸುವ ಸ್ವರಜೋಡಿ ಷಡ್ಜ ಮತ್ತು ಪಂಚಮ. ತಂಬೂರಿಯಲ್ಲಿ ನಾವು ಮೀಟುವುದೂ ಸಾಮಾನ್ಯವಾಗಿ ಅದನ್ನೇ. ಆ ಮೊದಲ ಆಲ್ಬಮಿನ ಮೊದಲ ಹಾಡಿನಲ್ಲಿ ಭಯ ಹುಟ್ಟಿಸುವ ಸ್ವರಾಂತರವೊಂದಿದೆ. ಯುರೋಪಿನಲ್ಲಿ ಅದಕ್ಕೆ ‘ಸೈತಾನನ ಸ್ವರ’ ಎಂಬ ಅಡ್ಡಹೆಸರೇ ಇದೆ. ನಮ್ಮ ಲೆಕ್ಕದಲ್ಲಿ ಅದು ಷಡ್ಜಕ್ಕೆದುರಾಗಿ ನಿಲ್ಲುವ ಪ್ರತಿಮಧ್ಯಮ. ಕಲ್ಯಾಣಿ ರಾಗವನ್ನು ಮಂಗಳಕರವೆಂದು ಹಾಡುವ ನಮಗೆ ಅದರಲ್ಲಿ ಯಾವ ಸೈತಾನನೂ ಕಾಣಿಸುವುದಿಲ್ಲವೆನ್ನಿ.

ಬೆಟ್ಟಕ್ಕೂ ಆಲ್ಬಮಿಗೂ ಹೊಂದಿಕೆಯಾಗಲು ಇನ್ನೊಂದು ಕಾರಣ ಅಳತೆ. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು ಇಪ್ಪತ್ತು ನಿಮಿಷದ ಸಂಗೀತ ಹಿಡಿಯುತ್ತಿತ್ತು. ಎರಡೂ ಸೇರಿ ನಲವತ್ತು. 1970ರ ‘ಪ್ಯಾರನಾಯ್ಡ್’ ಆಲ್ಬಮಿನ ಅವಧಿ ಸುಮಾರು 42 ನಿಮಿಷ. ಮಾತಂಗವನ್ನಾಗಲಿ, ಹೊಳೆಯಾಚೆಯ ಅಂಜನಾದ್ರಿಯನ್ನಾಗಲಿ ದಣಿವಾರಿಸಿಕೊಳ್ಳುತ್ತ ಏರುವುದಕ್ಕೆ ಅಷ್ಟು ಹೊತ್ತು ಸಾಕು. ಆದರೆ ಕಿವಿ ಮುಚ್ಚಿಕೊಂಡು ನಡೆಯುವ ಜಾಗ ಎಲ್ಲವೂ ಅಲ್ಲ. ಹಂಪಿಗೂ ಸಂಡೂರಿಗೂ ನಡುವೆ, ಕಂಪ್ಲಿಯ ಕಡೆಗೆ ಹೋಗುವವರಿಗೆ ಸಿಗುವ ದರೋಜಿಯ ಕುರುಚಲು ಗುಡ್ಡಗಳು 1994ರಿಂದ ಕರಡಿಧಾಮ. ಕರಡಿಗೆ ಕಣ್ಣು ಮಂದ. ಎದುರು ಬಂದವನನ್ನು ಅದು ತಡವಾಗಿ ಕಂಡು ಗಾಬರಿಯಿಂದ ಮೈಮೇಲೆ ಬೀಳುತ್ತದೆ. ಅದರ ಗುಟುರು ಮೊದಲೇ ಕಿವಿಗೆ ಬಿದ್ದರೆ ಇಬ್ಬರಿಗೂ ಕ್ಷೇಮ. ಕಂಪ್ಲಿ ಸೀಮೆಯ ಕಬ್ಬು, ಬಾಳೆಯ ತೋಟದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಕಲ್ಲಿನ ಮಾತು. ಹಂಪಿಯ ವಿಜಯವಿಠ್ಠಲ ದೇವಾಲಯದ ಮಹಾಮಂಟಪದ ಸಂಗೀತ ಕಂಬಗಳನ್ನು ಕೇಳದವರಿಲ್ಲ. ದೊಡ್ಡ ಕಂಬದ ಸುತ್ತ ಅದೇ ಬಂಡೆಯಲ್ಲಿ ಕಡೆದ ಸಪೂರ ಕಂಬಗಳು. ತಟ್ಟಿದರೆ ಒಂದೊಂದರಿಂದ ಒಂದೊಂದು ನಾದ. ಒಳಗೆ ಪೊಳ್ಳಿದೆಯೇ ಎಂದು ನೋಡಲು ಬ್ರಿಟಿಷರು ಎರಡನ್ನು ಕತ್ತರಿಸಿದರೆಂಬ ಕಥೆಯನ್ನು ಮಾರ್ಗದರ್ಶಿಗಳು ಇಂದಿಗೂ ಹೇಳುತ್ತಾರೆ. ಕತ್ತರಿಸುವ ಅಗತ್ಯವಿಲ್ಲದೆಯೇ ಕಲ್ಪಾಕ್ಕಂನ ಇಂದಿರಾಗಾಂಧಿ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಶ್ರವಣಾತೀತ ತರಂಗಗಳಿಂದ ಇವನ್ನು ಪರೀಕ್ಷಿಸಿ 2008ರಲ್ಲಿ ವರದಿ ಪ್ರಕಟಿಸಿದರು. ಕಂಬಗಳು ಘನವಾಗಿಯೇ ಇವೆ; ತಟ್ಟಿದಾಗ ಅವು ಬಾಗಿ ಬಳುಕುವಂತೆ ಕಂಪಿಸುವುದೇ ನಾದಕ್ಕೆ ಕಾರಣ ಎಂಬುದು ಅವರ ನಿರ್ಣಯ. ಉದ್ದ, ದಪ್ಪ, ಆಕಾರ ಬದಲಾದಂತೆ ಸ್ವರವೂ ಬದಲಾಗುತ್ತದೆ. ಶತಮಾನಗಳ ಕಾಲ ಬಂದವರೆಲ್ಲ ತಟ್ಟಿ ತಟ್ಟಿ ಸವೆಸಿದ್ದರಿಂದ ಈಗ ತಟ್ಟುವುದಕ್ಕೆ ನಿಷೇಧವಿದೆ. ಅದು ಸರಿಯೇ.

ವಿಠ್ಠಲ ಗುಡಿಯ ಕಂಬಗಳು ಶಿಲ್ಪಿಗಳ ಜಾಣ್ಮೆ. ಆದರೆ ಮನುಷ್ಯ ಕಡೆಯದೆಯೇ ನುಡಿಯುವ ಕಲ್ಲುಗಳೂ ಇವೆ. ಅವನ್ನು ನೋಡಬೇಕಾದರೆ ಹೊಸಪೇಟೆಯಿಂದ ಬಳ್ಳಾರಿಯ ರಸ್ತೆ ಹಿಡಿಯಬೇಕು. ದಾರಿಯಲ್ಲಿ ಕುಡತಿನಿಯ ಬೂದಿದಿಬ್ಬ ಸಿಗುತ್ತದೆ. ದನ ಸಾಕುತ್ತಿದ್ದ ನವಶಿಲಾಯುಗದ ಜನ ಸಗಣಿಯ ರಾಶಿಯನ್ನು ಸುಟ್ಟು ಬಿಟ್ಟುಹೋದದ್ದು. ಬಳ್ಳಾರಿಯನ್ನು ದಾಟಿದರೆ ಸಂಗನಕಲ್ಲು, ಕುಪ್ಪಗಲ್ಲು ಊರುಗಳ ನಡುವೆ ಹಿರೇಗುಡ್ಡವಿದೆ. ರಾಬರ್ಟ್ ಬ್ರೂಸ್ ಫೂಟ್ 1872ರಲ್ಲಿ ಈ ಪರಿಸರದ ಶಿಲಾಯುಗದ ನೆಲೆಯನ್ನು ಗುರುತಿಸಿದ. 1892ರಲ್ಲಿ ಫಾಸೆಟ್ ಎಂಬಾತ ಇಲ್ಲಿನ ಬಂಡೆಗಳ ಮೇಲಿನ ಚಿತ್ರಗಳನ್ನು ಕುರಿತು ಬರೆದ. ಡುಬ್ಬದ, ನೀಳಗೊಂಬಿನ ಎತ್ತುಗಳು, ಗುಂಪಿನಲ್ಲಿ ಕುಣಿಯುವಂತಿರುವ ಗಂಡಾಳುಗಳು. ಎಲ್ಲವೂ ಕಲ್ಲಿನಿಂದ ಕಲ್ಲನ್ನು ಕುಟ್ಟಿ ಮೂಡಿಸಿದವು. ಕೆಲವಂತೂ ಬಂಡೆಯಂಚಿನಿಂದ ಜೋತುಬಿದ್ದಲ್ಲದೆ ಕೈಗೆಟುಕದ ಎಡೆಗಳಲ್ಲಿವೆ.

ಇಲ್ಲಿಯೇ ಕೆಲವು ಕರಿಬಂಡೆಗಳ ಮೇಲೆ ಚಿತ್ರವಲ್ಲದ ಗುಳಿಗಳೂ ಇವೆ. ಆ ಗುಳಿಗಳಲ್ಲಿ ಚಿಕ್ಕ ಬೆಣಚುಗಲ್ಲಿನಿಂದ ಹೊಡೆದರೆ ಜಾಗಟೆಯಂಥ ಗಂಭೀರ ನಾದ ಹೊಮ್ಮುತ್ತದೆ. ಊರಿನವರಿಗೆ ಇದು ಮೊದಲೇ ತಿಳಿದಿತ್ತು. ನಿಕೋಲ್ ಬೋಯ್ವಿನ್ ಎಂಬ ಪುರಾತತ್ತ್ವಜ್ಞೆ 2004ರಲ್ಲಿ ಪ್ರಬಂಧ ಬರೆದ ಮೇಲೆ ಹೊರಜಗತ್ತಿನ ಗಮನ ಇತ್ತ ಹರಿಯಿತು. ಗುಳಿಗಳು ಸಾವಿರಾರು ಸಲ ಬಾರಿಸಿದ ಗುರುತು. ಚಿತ್ರ ಬಿಡಿಸುವುದು, ಬಂಡೆ ಬಾರಿಸುವುದು ಎರಡೂ ಒಂದೇ ಆಚರಣೆಯ ಭಾಗವಾಗಿದ್ದಿರಬಹುದು ಎಂಬುದು ಆಕೆಯ ವಾದ.

ಕಲ್ಲು ನುಡಿಯುವುದು ಹೇಗೆ? ಈ ಬೆಟ್ಟದ ಮೈ ಬೆಣಚು. ಅದರ ಬಿರುಕಿನೊಳಗೆ ಭೂಗರ್ಭದ ಶಿಲಾರಸ ಉಕ್ಕಿ ತಣ್ಣಗಾಗಿ, ಡಾಲರೈಟ್ ಎಂಬ ಕರಿಕಲ್ಲಿನ ಗೋಡೆಯಾಗಿದೆ. ಅದು ನುಣುಪು ಕಣದ, ಒತ್ತಾದ ಕಲ್ಲು, ಒಳಬಿರುಕು ಕಡಿಮೆ. ನವಶಿಲಾಯುಗದ ಜನ ಕೊಡಲಿ ಮಾಡುತ್ತಿದ್ದುದೂ ಇದರಿಂದಲೇ. ಕಾಲಕ್ರಮದಲ್ಲಿ ಗೋಡೆ ಒಡೆದು ಗುಂಡುಗಳಾದಾಗ, ಕೆಲವು ಗುಂಡುಗಳು ಎರಡು ಮೂರು ಬಿಂದುಗಳಲ್ಲಷ್ಟೇ ನೆಲವನ್ನೋ ಪಕ್ಕದ ಕಲ್ಲನ್ನೋ ಮುಟ್ಟಿ ನಿಂತವು. ಹಳ್ಳಿಯ ಶಾಲೆಯಲ್ಲಿ ರೈಲು ಕಂಬಿಯ ತುಂಡನ್ನು ಗಂಟೆಯಾಗಿ ತೂಗುಹಾಕುತ್ತಾರಲ್ಲ, ಹಾಗೆಯೇ ಇದು. ತೂಗುವ ಕಂಬಿಗೆ ನಾದವಿದೆ; ಮಣ್ಣಿನ ಮೇಲಿಟ್ಟರೆ ಬರೀ ‘ದಡ್’. ಮಣ್ಣಿಗೆ ಅಂಟಿದ ಗುಂಡು ಮೂಕ, ಗಾಳಿಗೆ ತೆರೆದ ಗುಂಡು ಗಾಯಕ.

ಇಂಥ ನಾದಕ್ಕೆ ಬಂಡೆಯ ಜಾತಿಯಷ್ಟೇ ಅದು ಕುಳಿತ ಭಂಗಿಯೂ ಮುಖ್ಯವಾದುದರಿಂದ, ಒಂದನ್ನು ಅಲುಗಿಸಿದರೂ ಸ್ವರ ಕೆಡುತ್ತದೆ. ಜಲ್ಲಿಗಾಗಿ, ಕಟ್ಟಡಕ್ಕಾಗಿ ನಡೆಯುವ ಕಲ್ಲು ಗಣಿಗಾರಿಕೆಗೆ ಗುಡ್ಡದ ಕೆಲವು ಭಾಗ 2004ರ ಹೊತ್ತಿಗಾಗಲೇ ಹಾಳಾಗಿತ್ತು. ಉತ್ತರಕ್ಕಿದ್ದ, ಇನ್ನೂ ಹಳೆಯ ಚಿತ್ರಗಳ ಕಲ್ಲಾಸರೆಯೊಂದು ಭಾಗಶಃ ನಾಶವಾಗಿತ್ತು. ಬ್ಲ್ಯಾಕ್ ಸಬ್ಬತ್ತಿನ ಹಾಡುಗಳನ್ನು ಮತ್ತೆ ಮತ್ತೆ ಮುದ್ರಿಸಿ ಮಾರಬಹುದು. ಹಿರೇಗುಡ್ಡದ್ದು ಒಂದೇ ಪ್ರತಿ.

ಬಳ್ಳಾರಿಯಿಂದ ಮರಳುವಾಗ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಹೊಗೆ ಕಾಣುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಹೊರಳಿದರೆ ಸಂಡೂರು, ನಿಜವಾದ ಭಾರಲೋಹದ ಬೆಟ್ಟಗಳು. ಸುಮಾರು 270 ಕೋಟಿ ವರ್ಷಗಳ ಹಿಂದಿನ ಸಮುದ್ರತಳದಲ್ಲಿ ಪದರ ಪದರವಾಗಿ ಕೂತ ಕಬ್ಬಿಣವಿದು. ಒಂದು ಪದರ ಕೆಂಪು-ಕಪ್ಪು ಅದಿರು, ಮತ್ತೊಂದು ಬಿಳಿಗಲ್ಲು. ಹಂಪಿಯ ಬೋಳು ಗುಂಡುಗಳಿಗೆ ಹೋಲಿಸಿದರೆ ಇಲ್ಲಿನದು ಹಸಿರು ಬೆಟ್ಟ. ನಾರಿಹಳ್ಳ ಈ ಕಬ್ಬಿಣದ ಗೋಡೆಯನ್ನು ಕೊರೆದುಕೊಂಡು ಹೊರಬೀಳುವ ಓಬಳಗಂಡಿ, ಭೀಮಗಂಡಿಗಳು ಕಾಲ್ನಡಿಗೆಯವರಿಗೆ ಹಬ್ಬ. ಸುಮಾರು ಸಾವಿರ ಮೀಟರ್ ಎತ್ತರದ ರಾಮನದುರ್ಗದ ಮೇಲೆ, ಬಿಸಿಲಿಗೆ ಬಸವಳಿದ ಬಳ್ಳಾರಿಯ ಗೋರಾ ಸಿಪಾಯಿಗಳಿಗಾಗಿ ಬ್ರಿಟಿಷರು 19ನೇ ಶತಮಾನದಲ್ಲಿ ಆರೋಗ್ಯಧಾಮ ಮಾಡಿಕೊಂಡಿದ್ದರು. 1934ರಲ್ಲಿ ಬಂದಿದ್ದ ಗಾಂಧೀಜಿ, ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂದು ಹೇಳಿದ್ದರೆಂಬುದನ್ನು ಊರಿನವರು ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ.

ಆ ಹಸಿರಿನ ಕೆಳಗಿನ ಅದಿರಿಗೆ ಈ ಶತಮಾನದ ಆರಂಭದಲ್ಲಿ ಚೀನಾದಿಂದ ಬೇಡಿಕೆ ಬಂದಾಗ ಏನಾಯಿತೆಂಬುದು ಗೊತ್ತಿರುವ ಕಥೆ. ಲೋಕಾಯುಕ್ತ ವರದಿಯ ಬೆನ್ನಲ್ಲೇ, 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರಲ್ಲಿ ಮಿತಿ ಹಾಕಿ, ನಿಯಮ ಮುರಿದ ಗುತ್ತಿಗೆಗಳನ್ನು ರದ್ದುಪಡಿಸಿ, ಉಳಿದವರಿಗೆ ಮರು ಅವಕಾಶ ಕೊಟ್ಟಿತು. ಆ ಬಳಿಕವೂ ಕುಮಾರಸ್ವಾಮಿ ಬೆಟ್ಟದ ನೆರೆಹೊರೆಯಲ್ಲಿ ಯಾವ ಕಾಡನ್ನು ಅಗೆಯಬಹುದು, ಯಾವುದನ್ನು ಬಿಡಬೇಕು ಎಂಬ ಜಗಳ ನಡೆದೇ ಇತ್ತು. ಮಳೆಗಾಲ ಮುಗಿದ ಮೇಲೆ ರಾಮನದುರ್ಗದ ದಾರಿ ಹಿಡಿಯುವವರು ಮೋಡ ಮುಸುಕಿದ ಕಣಿವೆಯನ್ನು ಒಂದು ಮಗ್ಗುಲಿನಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಕೆಂಪು ಬೆಟ್ಟವನ್ನು ಇನ್ನೊಂದರಲ್ಲಿ ಕಾಣಬಹುದು. ಗಾಳಿ ಅತ್ತಣಿಂದ ಬೀಸಿದರೆ ಅದಿರಿನ ಲಾರಿಗಳ ಸದ್ದು ಮೇಲಿನವರೆಗೂ ಬರುತ್ತದೆ.