ಕೆಲಸದ ಹೆಂಗಸರಿಗೆ ಆರೋಗ್ಯ ವಿಮೆ: ಕಂತು ಕೇಳುವ ಮೊದಲು ಇಷ್ಟು ಕೇಳಿ

ಸೀರೆ ಕೊಳ್ಳುವಾಗ ನಾವು ಏನು ಮಾಡುತ್ತೇವೆ? ಬೆಲೆ ಕೇಳುವ ಮೊದಲು ಸೆರಗು ಬಿಡಿಸಿ ನೋಡುತ್ತೇವೆ, ಅಂಚು ತಿರುವಿ ನೋಡುತ್ತೇವೆ, ಬಣ್ಣ ಬಿಡುತ್ತದೆಯೇ ಎಂದು ಅಂಗಡಿಯವರನ್ನು ಪೀಡಿಸುತ್ತೇವೆ. ವಿಮೆಯ ವಿಷಯ ಬಂದಾಗ ಮಾತ್ರ "ಕಂತು ಎಷ್ಟು?" ಎಂದು ಒಂದೇ ಮಾತು ಕೇಳಿ ಸಹಿ ಹಾಕಿಬಿಡುತ್ತೇವೆ. ನನ್ನ ಗೆಳತಿಯೊಬ್ಬಳು ಮಾಡಿದ್ದೂ ಇದನ್ನೇ.

"ವಿಮೆ ಗಿಮೆ ಎಲ್ಲ ಯಜಮಾನರ ಕೆಲಸ, ನಮಗೇಕೆ?" ಎನ್ನಬೇಡಿ. ಹಪ್ಪಳ, ಉಪ್ಪಿನಕಾಯಿ, ಹೊಲಿಗೆ ಎಂದು ಹಿತ್ತಲಲ್ಲಿ ಶುರುವಾದ ಕೆಲಸ ನಾಲ್ಕಾರು ಹೆಂಗಸರಿಗೆ ಅನ್ನ ಕೊಡುತ್ತಿರುವ ಮನೆಗಳು ಈಗ ಪ್ರತಿ ಊರಲ್ಲೂ ಇವೆ. ನಿಮ್ಮದೂ ಅಂಥದೊಂದು ಮನೆಯಾಗಿರಬಹುದು. ಅಲ್ಲಿ ಮಾಲೀಕಳು ನೀವೇ!

ನನ್ನ ಗೆಳತಿಯದು ಹಪ್ಪಳ–ಸಂಡಿಗೆಯ ಕೆಲಸ. ಎಂಟು ಜನ ಹೆಂಗಸರಿದ್ದಾರೆ. ಅವರಿಗೆ ತಲಾ 1 ಲಕ್ಷದ ಗುಂಪು ವಿಮೆ ಮಾಡಿಸಿದಳು. ಏಜೆಂಟ್ ತಂದ ಮೂರು ಪಾಲಿಸಿಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದನ್ನೇ ಆರಿಸಿದಳು. "ಇನ್ನು ನಿಮಗೆ ಆಸ್ಪತ್ರೆಯ ಚಿಂತೆ ಇಲ್ಲ ಕಣ್ರೇ" ಎಂದು ಎಲ್ಲರಿಗೂ ಸಿಹಿ ಹಂಚಿದ್ದೂ ಆಯಿತು.

ಆರು ತಿಂಗಳಿಗೆ ಅವರಲ್ಲೊಬ್ಬಳಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ಮೂರು ದಿನಕ್ಕೆ ಬಿಲ್ಲು 48,000 ರೂಪಾಯಿ. ವಿಮೆಯವರು ಕೊಟ್ಟದ್ದು 30,000. "ಅಕ್ಕಾ, ಎಲ್ಲಾ ವಿಮೆಯವ್ರೇ ಕೊಡ್ತಾರೆ ಅಂದಿದ್ರಲ್ಲಾ?" ಎಂದು ಆಕೆ ಕೇಳಿದಾಗ ಗೆಳತಿಗೆ ಮುಖ ಎತ್ತಲಾಗಲಿಲ್ಲ. ಉಳಿದ 18,000ಕ್ಕೆ ಆಕೆಯ ಗಂಡ ಅಷ್ಟರಲ್ಲೇ ಕಿವಿಯ ಓಲೆ ಅಡವಿಟ್ಟು ಬಂದಿದ್ದ.

ಹದಿನೆಂಟು ಸಾವಿರ ಹೋದದ್ದೆಲ್ಲಿ?

ವಿಮೆಯವರು ಮೋಸ ಮಾಡಿದರೇ? ಇಲ್ಲ. ಪಾಲಿಸಿಯ ಒಳಪುಟದಲ್ಲಿ ಒಂದು ಸಾಲಿತ್ತು. ಕೋಣೆಯ ಬಾಡಿಗೆ ವಿಮಾ ಮೊತ್ತದ ಶೇಕಡ 1 ಮಾತ್ರ, ಅಂದರೆ ದಿನಕ್ಕೆ 1,000 ರೂಪಾಯಿ. ಆಕೆ ಇದ್ದ ಕೋಣೆಯ ಬಾಡಿಗೆ 2,000. "ಹಾಗಾದರೆ ಮೂರು ದಿನಕ್ಕೆ 3,000 ತಾನೇ ಕೈಯಿಂದ ಹೋಗಬೇಕು?" ಎನ್ನುತ್ತೀರಿ. ಅಲ್ಲೇ ಇರುವುದು ಗುಟ್ಟು. ಕೋಣೆ ಮಿತಿ ಮೀರಿದರೆ ಡಾಕ್ಟರ ಫೀಸು, ಆಪರೇಷನ್ ಥಿಯೇಟರಿನ ಖರ್ಚು ಎಲ್ಲವನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತಾರೆ. ಕೋಣೆಗೆ ಅರ್ಧ ಕೊಟ್ಟರೆ ಡಾಕ್ಟರ ಫೀಸಿಗೂ ಅರ್ಧವೇ. ಲೆಕ್ಕ ನೋಡಿ:

ಕೋಣೆ 6,000ಕ್ಕೆ ಸಿಕ್ಕಿದ್ದು 3,000.
ಡಾಕ್ಟರು, ಥಿಯೇಟರು, ಅರಿವಳಿಕೆ 30,000ಕ್ಕೆ ಸಿಕ್ಕಿದ್ದು 15,000.
ಔಷಧಿ, ಪರೀಕ್ಷೆಗಳ 12,000 ಪೂರ್ತಿ ಸಿಕ್ಕಿತು. ಇವಕ್ಕೆ ಈ ಕತ್ತರಿ ಇಲ್ಲ.

ಅಗ್ಗದ ಕಂತಿನಲ್ಲಿ ಗೆಳತಿ ಉಳಿಸಿದ್ದು ಕೆಲವೇ ನೂರು. ಹೋದದ್ದು ಇನ್ನೊಬ್ಬಳ ಓಲೆ.

ಮೊದಲು ತಲೆ ಎಣಿಸಿ

ನಿಮ್ಮಲ್ಲಿ 10 ಜನ ಅಥವಾ ಹೆಚ್ಚು ಕೆಲಸಗಾರರಿದ್ದರೆ ಇ.ಎಸ್.ಐ. ಕಡ್ಡಾಯ. ಅದು ನಿಮ್ಮ ಇಷ್ಟದ ಪ್ರಶ್ನೆಯಲ್ಲ, ಕಾನೂನು. 2017ರ ಜನವರಿಯಲ್ಲಿ ನಿಗದಿಯಾದಂತೆ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರು ಇದಕ್ಕೆ ಸೇರುತ್ತಾರೆ. 2019ರ ಜುಲೈಯಲ್ಲಿ ಇಳಿಸಿದ ದರದಂತೆ ಮಾಲೀಕರ ವಂತಿಗೆ ಶೇ. 3.25, ಕೆಲಸಗಾರರದು ಶೇ. 0.75. ಸಂಬಳ 12,000 ಇದ್ದರೆ ನಿಮ್ಮ ಪಾಲು 390, ಆಕೆಯ ಪಾಲು 90. ಸೇರುವ ಮುನ್ನ ಇ.ಎಸ್.ಐ. ಕಚೇರಿಯಲ್ಲಿ ಮಿತಿ, ದರ ಎರಡನ್ನೂ ಒಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳಿ.

ಇಷ್ಟಕ್ಕೆ ಆಕೆಗೂ ಆಕೆಯ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ನಿಗದಿತ ದಿನಗಳ ವಂತಿಗೆ ಕಟ್ಟಿದ್ದರೆ ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನದವರೆಗೆ ಶೇ. 70ರಷ್ಟು ಕೂಲಿ, ಹೆರಿಗೆಗೆ 26 ವಾರ ಪೂರ್ತಿ ಕೂಲಿ. ಕೂಲಿಯ ನಷ್ಟ ತುಂಬಿಕೊಡುವ ಈ ಗುಣ ಮಾಮೂಲಿ ಆಸ್ಪತ್ರೆ ವಿಮೆಯಲ್ಲಿ ಇರುವುದಿಲ್ಲ.

ಹತ್ತಕ್ಕಿಂತ ಕಡಿಮೆ ಇದ್ದರೆ? 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಪ್ರಕಾರ, ಮಾಲೀಕರೂ ಹೆಚ್ಚಿನ ಕೆಲಸಗಾರರೂ ಒಪ್ಪಿದರೆ ಸ್ವಇಚ್ಛೆಯಿಂದ ಇ.ಎಸ್.ಐ.ಗೆ ಸೇರಬಹುದು. ಆದರೆ ಒಂದು ಮಾತು. ಇ.ಎಸ್.ಐ. ಔಷಧಾಲಯ, ಆಸ್ಪತ್ರೆ ನಿಮ್ಮೂರಿಗೆ ಎಷ್ಟು ದೂರ ಎಂದು ಮೊದಲು ವಿಚಾರಿಸಿ. ಜ್ವರದಲ್ಲಿ ಎರಡು ಬಸ್ಸು ಬದಲಿಸಿ ಹೋಗಬೇಕಾದರೆ ಯಾರು ಹೋಗುತ್ತಾರೆ ಹೇಳಿ?

ಗುಂಪು ವಿಮೆಗೆ ಸಾಮಾನ್ಯವಾಗಿ ಕನಿಷ್ಠ 7 ಜನ ಇರಬೇಕು. ಅಷ್ಟು ಜನ ಇಲ್ಲದಿದ್ದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಪಾಲಿಸಿ ಮಾಡಿಸಬಹುದು. ಇಂಥ ವೈಯಕ್ತಿಕ ಪಾಲಿಸಿಗೆ 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ತೆಗೆದುಹಾಕಿದ್ದಾರೆ. ಗುಂಪು ಪಾಲಿಸಿಗೆ ಶೇ. 18 ತೆರಿಗೆ ಉಂಟು. 2020ರಲ್ಲಿ ಬಂದ 'ಆರೋಗ್ಯ ಸಂಜೀವನಿ' ಎಲ್ಲ ಕಂಪನಿಗಳಲ್ಲೂ ಒಂದೇ ನಿಯಮದ ಪಾಲಿಸಿ. ಹೋಲಿಸಿ ನೋಡಲು ಸುಲಭ. ಅದರಲ್ಲೂ ಕೋಣೆಗೆ ವಿಮಾ ಮೊತ್ತದ ಶೇ. 2ರ ಮಿತಿಯಿದೆ, ಹೆಚ್ಚೆಂದರೆ ದಿನಕ್ಕೆ 5,000. ಖರ್ಚಿನ ಶೇ. 5 ನಮ್ಮ ಕೈಯಿಂದಲೇ ಹೋಗಬೇಕು.

ಏಜೆಂಟರಿಗೆ ಈ ಆರು ಪ್ರಶ್ನೆ ಹಾಕಿ

1. ಕೋಣೆ ಬಾಡಿಗೆಗೆ ಮಿತಿ ಇದೆಯೇ? ಇದ್ದರೆ ನಮ್ಮೂರ ಆಸ್ಪತ್ರೆಯ ಬಾಡಿಗೆ ಅದರೊಳಗೆ ಬರುತ್ತದೆಯೇ?

2. ಮೊದಲೇ ಇರುವ ಬಿ.ಪಿ., ಸಕ್ಕರೆ ಕಾಯಿಲೆಗೆ ಎಂದಿನಿಂದ ರಕ್ಷಣೆ? ವೈಯಕ್ತಿಕ ಪಾಲಿಸಿಯಲ್ಲಿ ಮೂರು ವರ್ಷದವರೆಗೆ ಕಾಯಬೇಕಾಗಬಹುದು. ಗುಂಪು ವಿಮೆಯಲ್ಲಿ ಮೊದಲ ದಿನದಿಂದಲೇ ಸೇರಿಸಿಕೊಳ್ಳಲು ಸಾಧ್ಯ, ಆದರೆ ನೀವು ಕೇಳಬೇಕು. ಕಾಯಿಲೆಯನ್ನು ಮಾತ್ರ ಎಂದೂ ಮುಚ್ಚಿಡಬೇಡಿ.

3. ಹೆರಿಗೆ ಸೇರಿದೆಯೇ? ಹೆಂಗಸರೇ ಇರುವ ಕಡೆ ಇದನ್ನು ಮರೆತರೆ ಹೇಗೆ?

4. ಗಂಡ, ಮಕ್ಕಳು ಸೇರುತ್ತಾರೆಯೇ? ಮಗುವಿಗೆ ಡೆಂಗ್ಯೂ ಬಂದರೂ ಸಾಲ ಮಾಡುವವಳು ತಾಯಿಯೇ.

5. ನಗದು ಕಟ್ಟದೆ ಚಿಕಿತ್ಸೆ ಸಿಗುವ ಆಸ್ಪತ್ರೆ ನಮ್ಮ ತಾಲ್ಲೂಕಿನಲ್ಲಿ ಯಾವುದು? ಪಟ್ಟಿ ನೋಡಿ ಸುಮ್ಮನಾಗಬೇಡಿ, ಆ ಆಸ್ಪತ್ರೆಗೇ ಫೋನ್ ಮಾಡಿ ಕೇಳಿ. ಇಂಥ ಕೋರಿಕೆಗೆ ವಿಮೆಯವರು ಒಂದು ಗಂಟೆಯೊಳಗೆ ಉತ್ತರ ಕೊಡಬೇಕೆಂದು 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಆದೇಶಿಸಿದೆ.

6. ಕೆಲಸ ಬಿಟ್ಟವರ ಗತಿ ಏನು? ಹೊಸದಾಗಿ ಬಂದವರನ್ನು ವರ್ಷದ ನಡುವೆ ಸೇರಿಸಬಹುದೇ?

ಇಷ್ಟಕ್ಕೂ ಸರಿಯಾದ ಉತ್ತರ ಬರೆದ ರೂಪದಲ್ಲಿ ಬಂದ ಮೇಲೆ ಏಳನೆಯದಾಗಿ ಕೇಳಿ: "ಕಂತು ಎಷ್ಟು?"

ಕೈಯಲ್ಲಿರುವುದನ್ನು ಮರೆಯಬೇಡಿ

ಬಿ.ಪಿ.ಎಲ್. ಕಾರ್ಡು ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಂಟು. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಸೌಲಭ್ಯವಿಲ್ಲದಿದ್ದರೆ ಚೀಟಿ ಬರೆಸಿಕೊಂಡು ಬೇರೆಡೆ ಹೋಗುವುದು ಪದ್ಧತಿ. ನಿಮ್ಮ ಕೆಲಸದವರಲ್ಲಿ ಎಷ್ಟು ಜನ ಇದರ ಕಾರ್ಡು ಮಾಡಿಸಿದ್ದಾರೆ? ಒಂದು ದಿನ ಬಿಡುವು ಕೊಟ್ಟು ಮಾಡಿಸಿಕೊಂಡು ಬರಲು ಹೇಳಿ. ನಿಮಗೆ ಖರ್ಚಾಗುವುದು ಒಂದು ದಿನದ ಕೂಲಿ ಅಷ್ಟೇ.

ಗೆಳತಿ ಏನು ಮಾಡಿದಳು?

ಮೊದಲು ಆ ಓಲೆ ಬಿಡಿಸಿಕೊಟ್ಟಳು. ಪಾಲಿಸಿ ನವೀಕರಣಕ್ಕೆ ಬಂದಾಗ ಒಂದು ಮಧ್ಯಾಹ್ನ ಎಂಟೂ ಜನರನ್ನು ಕೂರಿಸಿಕೊಂಡು ಕೇಳಿದಳು. "ನೀವು ಯಾವ ಆಸ್ಪತ್ರೆಗೆ ಹೋಗ್ತೀರಿ? ಮನೆಯಲ್ಲಿ ಯಾರಿಗೆ ಏನು ಕಾಯಿಲೆ?" ಅವಳು ಊಹಿಸಿಯೇ ಇರಲಿಲ್ಲ: ಮೂವರಿಗೆ ಬಿ.ಪಿ. ಇತ್ತು! ಇ.ಎಸ್.ಐ. ಔಷಧಾಲಯ ದೂರವಾದ್ದರಿಂದ ಸದ್ಯಕ್ಕೆ ಬೇಡವೆಂದರು. ಕೋಣೆ ಬಾಡಿಗೆಗೆ ಮಿತಿ ಇಲ್ಲದ, ಗಂಡ–ಮಕ್ಕಳು ಸೇರುವ, ಬಿ.ಪಿ.ಗೆ ಮೊದಲ ದಿನದಿಂದಲೇ ರಕ್ಷಣೆ ಇರುವ ಗುಂಪು ಪಾಲಿಸಿ ತೆಗೆದುಕೊಂಡರು. ಕಂತು ಹೆಚ್ಚಾಯಿತು ನಿಜ. ಆ ಹೆಚ್ಚಳವನ್ನು ಗೆಳತಿ ಹೇಗೆ ಸರಿದೂಗಿಸಿದಳು ಗೊತ್ತೇ? ಹಪ್ಪಳದ ಕಟ್ಟಿಗೆ ಒಂದು ರೂಪಾಯಿ ಏರಿಸಿದಳು. ಗಿರಾಕಿಗಳು ಯಾರೂ ಕೇಳಲಿಲ್ಲವಂತೆ!

ಪಾಲಿಸಿಯ ಕಾಗದ ನಿಮ್ಮ ಬೀರುವಿನಲ್ಲಿದ್ದರೆ ಇವತ್ತೇ ಹೊರತೆಗೆಯಿರಿ. ಕೋಣೆ ಬಾಡಿಗೆಯ ಸಾಲನ್ನು ಮೊದಲು ಹುಡುಕಿ. ಕನ್ನಡಕ ಹಾಕಿಕೊಂಡು ಓದಿ, ಅಕ್ಷರ ಬಲು ಸಣ್ಣದಿರುತ್ತದೆ.